ಮುದ್ರೆ ಬಿಟ್ಟು ಮರ ನೋಡಿ: ಫಿನ್ಲೆಂಡಿನ ಮೊಸಿನ್ ಗುರುತಿಸುವಲ್ಲಿ ನನ್ನ ಅನುಭವ

ಮೊಸಿನ್ ಅಂದರೆ ತ್ಸಾರ್ ಕಾಲದ ರಷ್ಯದಲ್ಲಿ ಹುಟ್ಟಿದ ಸೇನಾ ರೈಫಲ್; ಅದನ್ನೇ ಫಿನ್ಲೆಂಡ್ ತನಗೆ ಬೇಕಾದ ಹಾಗೆ ತಿದ್ದಿ ಬಳಸಿತು. ಫೋಟೊ ನೋಡಿ ಇಂಥ ಫಿನ್ಲೆಂಡಿನ ಮೊಸಿನ್ ಗುರುತಿಸೋಕೆ ಆಗಲ್ಲ ಅಂತ ಇಲ್ಲಿ ಮಿಷಿಗನ್‌ನ ನಮ್ಮ ಶೂಟಿಂಗ್ ಕ್ಲಬ್ಬಿನ ಹಿರಿಯರು ವರ್ಷಗಟ್ಟಲೆ ಹೇಳುತ್ತಾ ಬಂದರು. ಕೈಯಲ್ಲಿ ಹಿಡಿದು, ಚೌಕದೊಳಗಿನ ಎಸ್‌ಎ ಮುದ್ರೆಯನ್ನು ಕಣ್ಣಾರೆ ನೋಡಿದ ಮೇಲೆಯೇ ದುಡ್ಡು ಬಿಚ್ಚಬೇಕು ಅನ್ನೋದು ಅವರ ವಾದ. ನಾನು ಮುದ್ರೆ ನೋಡುವುದು ಎಲ್ಲಕ್ಕಿಂತ ಕೊನೆಗೆ. ಈಚಿನ ಮೂರ್ನಾಲ್ಕು ವರ್ಷಗಳಲ್ಲಿ 'ಹಳೇ ರಷ್ಯನ್ ರೈಫಲ್' ಅಂತ ಮಾರಾಟಕ್ಕಿಟ್ಟವನ್ನು ಬರೀ ಫೋಟೊ ನೋಡಿ ಕೊಂಡಿದ್ದೇನೆ. ಹೆಚ್ಚುಕಡಿಮೆ ಹತ್ತಕ್ಕೆ ಎಂಟು ಫಿನ್ಲೆಂಡಿನವೇ ಆಗಿವೆ. ಬೇಡ ಅಂದವರಲ್ಲೇ ಒಂದಿಬ್ಬರು ಈಗ ತಾವು ಕೊಳ್ಳುವ ಮುಂಚೆ ನನಗೆ ಫೋಟೊ ಕಳಿಸುತ್ತಾರೆ.

ಮುದ್ರೆ ನಂಬಿ ಕೊಂಡ ಕಾಲದಲ್ಲಿ ನನಗೆ ಬಿದ್ದ ಪೆಟ್ಟು ಸಣ್ಣದಲ್ಲ. ಎಸ್‌ಎ ಅಂದರೆ ಇದು ಫಿನ್ಲೆಂಡ್ ಸೇನೆಯ ಸ್ವತ್ತು ಅಂತ, ಅಷ್ಟೇ. ಅದನ್ನು ಹೊಡೆಯಲು ಶುರು ಮಾಡಿದ್ದೇ 1942ರಲ್ಲಿ. ಸೋವಿಯತ್ ಸೈನಿಕರಿಂದ ಕಸಿದುಕೊಂಡ 91/30 ಮಾದರಿಯ ಮೊಸಿನ್‌ಗಳಿಗೂ ಅದೇ ಮುದ್ರೆ. ಇತ್ತ ಸುಓಯೆಲುಸ್ಕುಂತಾ, ಅಂದರೆ ಅವರ ನಾಗರಿಕ ರಕ್ಷಣಾ ದಳ, 1944ರಲ್ಲಿ ವಿಸರ್ಜನೆಯಾಗುವವರೆಗೆ ಬಳಸಿದ ಒಳ್ಳೊಳ್ಳೆ ರೈಫಲ್‌ಗಳಲ್ಲಿ ಎಷ್ಟೋ ಕಡೆ ಮುದ್ರೆಯೇ ಇಲ್ಲ. ಜೊತೆಗೆ ನಕಲಿ ಕಾಟ. ಒಬ್ಬ ವ್ಯಾಪಾರಿಯ ಹತ್ತಿರ ಸುಮಾರು 450 ಡಾಲರ್ ಕೊಟ್ಟು ತಂದ ರೈಫಲ್‌ನ ಬ್ಯಾರಲ್ ಬಣ್ಣವೆಲ್ಲ ಸವೆದು ಬೂದಿಯಾಗಿತ್ತು. ಮುದ್ರೆಯ ಗೆರೆಗಳ ಒಳಗೆ ಮಾತ್ರ ಕಬ್ಬಿಣ ಹೊಸದಾಗಿ ಬೆಳ್ಳಗೆ ಮಿನುಗುತ್ತಿತ್ತು, ಅಂಚು ಉಗುರಿಗೆ ತಾಗುತ್ತಿತ್ತು. ಅದನ್ನು ಮಾರಿದಾಗ ಅರ್ಧ ದುಡ್ಡೂ ವಾಪಸ್ ಬರಲಿಲ್ಲ.

ಆಮೇಲೆ ಮರ ನೋಡೋಕೆ ಶುರು ಮಾಡಿದೆ. ಸ್ಟಾಕ್, ಅಂದರೆ ರೈಫಲ್‌ನ ಮರದ ಭಾಗದ ಮುಂಭಾಗದಲ್ಲಿ, ಎರಡು ಲೋಹದ ಪಟ್ಟಿಗಳ ನಡುವೆ, ಮರಕ್ಕೆ ಮರ ಗರಗಸದ ಹಲ್ಲಿನಂತೆ ಕಚ್ಚಿಕೊಂಡ ಜೋಡಣೆ ಇದೆಯಾ? ಇದ್ದರೆ ಮುಕ್ಕಾಲು ಕೆಲಸ ಮುಗೀತು. ಹಳೆಯ ರಷ್ಯನ್ ಸ್ಟಾಕ್‌ಗಳಿಗೆ ಫಿನ್ನರು ಹೊಸ ಬರ್ಚ್ ಮರದ ಮುಂತುಂಡು ಸೇರಿಸುತ್ತಿದ್ದರು. ಫಿನ್ನರ ಎಂ39 ಮಾದರಿಯಲ್ಲಂತೂ ಹೊಸ ಸ್ಟಾಕನ್ನೇ ಹೀಗೆ ಎರಡು ತುಂಡಿನಲ್ಲಿ ಮಾಡಿದರು. ಫೋಟೊ ಎಷ್ಟು ಮಸುಕಾಗಿದ್ದರೂ ಈ ಹಲ್ಲುಗಳು ಕಾಣುತ್ತವೆ, ಯಾಕೆಂದರೆ ಎರಡು ತುಂಡಿನ ಬಣ್ಣ ಸಾಮಾನ್ಯವಾಗಿ ಬೇರೆ. ಆಮೇಲೆ ಮೂತಿಯ ಗುರಿಕಣ್ಣು. ಎರಡೂ ಕಡೆ ನಿಂತ ಕಿವಿಗಳಿದ್ದರೆ ಎಂ27, ಎಂ28, ಎಂ28-30 ಅಥವಾ ಎಂ39. ಸ್ಪಿಟ್ಸ್ ನಾಯಿಯ ಕಿವಿ ಥರ ಕಾಣೋದಕ್ಕೇ ಅಲ್ಲಿ ಎಂ28-30ರಂಥವಕ್ಕೆ ಪ್ಯುಸ್ತ್ಯುಕೊರ್ವಾ ಅಂತ ಅಡ್ಡಹೆಸರು. ಕಿವಿ ಇಲ್ಲದೆ ಉದ್ದಕ್ಕಿದ್ದರೆ ಹಿಂದಿನ ಗುರಿಪಟ್ಟಿಯ ಹತ್ತಿರದ ಫೋಟೊ ಕೇಳುತ್ತೇನೆ. ರಷ್ಯನ್ನರ ಅಳತೆ ಅರ್ಶಿನ್, ಸುಮಾರು 71 ಸೆಂಟಿಮೀಟರ್. ಫಿನ್ನರು ಆ ಅಂಕಿಗಳನ್ನು ಹೊಡೆದುಹಾಕಿ ಮೀಟರಿನ ಅಂಕಿ ಕೊರೆದರು. ಆ ತಿದ್ದುಪಡಿಯನ್ನು ನಕಲು ಮಾಡುವ ಗೋಜಿಗೆ ಹೋದವರನ್ನು ನಾನಿನ್ನೂ ನೋಡಿಲ್ಲ.

ಮೂತಿಯ ಫೋಟೊ ಕೊಡದವರಿಗೆ ದುಡ್ಡಿಲ್ಲ. ಎಂ28 ಅಂತ ಸುಮಾರು 300ಕ್ಕೆ ಸಿಕ್ಕಿದ ಒಂದು ರೈಫಲ್ ಮನೆಗೆ ಬಂದಾಗ ಬ್ಯಾರಲ್ ಒಂದು ಗೇಣು ಕಡಿಮೆ. ಯಾರೋ ಜಿಂಕೆ ಬೇಟೆಗೆ ಕತ್ತರಿಸಿದ್ದರು, ಫೋಟೊ ಮಾತ್ರ ಸರಿಯಾಗಿ ಅಲ್ಲಿಗೇ ನಿಲ್ಲಿಸಿದ್ದರು. ಬಿಡಿಭಾಗ ಮಾರಿ ನೂರು ಚಿಲ್ಲರೆ ಹುಟ್ಟಿತು.

ಇನ್ನು ಟ್ಯಾಂಗ್, ಅಂದರೆ ರಿಸೀವರ್‌ನ ಹಿಂದಿನ ಬಾಲ. ರಿಸೀವರ್ ಅಂದರೆ ಬ್ಯಾರಲ್ ಹಿಂದೆ ಬೋಲ್ಟ್ ಓಡಾಡುವ ಲೋಹದ ಭಾಗ. ನಿಜವಾದ ಮಜಾ ಇರೋದೇ ಇಲ್ಲಿ. ಫಿನ್ಲೆಂಡ್ ತನ್ನ ಮೊಸಿನ್‌ಗಳಿಗೆ ರಿಸೀವರ್ ಮಾಡಲಿಲ್ಲ. ತ್ಸಾರ್ ಕಾಲದ ರಿಸೀವರ್ ಇಟ್ಟುಕೊಂಡು ಬ್ಯಾರಲ್ ಮಾತ್ರ ಬದಲಾಯಿಸಿತು. ಹಾಗಾಗಿ 1942ರ ಬ್ಯಾರಲ್ ಇರುವ ಎಂ39ರ ಹೊಟ್ಟೆಯಲ್ಲಿ 1890ರ ದಶಕದ ರಿಸೀವರ್ ಇರಬಹುದು. ವರ್ಷ ಬರೆದಿರೋದು ಟ್ಯಾಂಗಿನ ಅಡಿಯಲ್ಲಿ, ಸ್ಟಾಕ್ ಬಿಚ್ಚದೆ ಕಾಣಲ್ಲ. ಸುತ್ತಿಗೆ ಇದ್ದರೆ ತುಲಾ, ಬಿಲ್ಲು-ಬಾಣ ಇದ್ದರೆ ಇಝೆವ್ಸ್ಕ್. ಫ್ರಾನ್ಸಿನ ಶಾಟೆಲ್ರೋ ಕಾರ್ಖಾನೆ ರಷ್ಯಕ್ಕೆ ಸುಮಾರು 5 ಲಕ್ಷ ರೈಫಲ್ ಮಾಡಿಕೊಟ್ಟಿತ್ತಲ್ಲ, ಅವುಗಳ ರಿಸೀವರ್‌ಗಳೂ ಫಿನ್ಲೆಂಡ್‌ಗೆ ಬಂದಿವೆ. ಅಮೆರಿಕದ ಫೆಡರಲ್ ಕಾನೂನಿನ ಲೆಕ್ಕದಲ್ಲಿ 1898 ಅಥವಾ ಅದಕ್ಕೆ ಹಿಂದಿನ ರಿಸೀವರ್ ಪುರಾತನ ವಸ್ತು. ಲೈಸೆನ್ಸ್ ಇಲ್ಲದೆ ಮನೆ ಬಾಗಿಲಿಗೆ ಬರುತ್ತದೆ. ನಿಮ್ಮ ರಾಜ್ಯದ ಕಾನೂನು ಬೇರೆ ಇರಬಹುದು, ನೋಡಿಕೊಳ್ಳಿ. ನನ್ನ ಹತ್ತಿರ ಸಂಗ್ರಾಹಕರ ಲೈಸೆನ್ಸ್ ಇದೆ, ಮೂರು ವರ್ಷಕ್ಕೆ 30 ಡಾಲರ್. ಆದರೂ ಈ ವರ್ಷ ಮುಖ್ಯ, ಯಾಕೆಂದರೆ ಅದಕ್ಕೆ 100ರಿಂದ 200 ಡಾಲರ್ ಜಾಸ್ತಿ ಬೆಲೆ. ಒಬ್ಬರು 1898 ಅಂತ ಹೇಳಿ ಜಾಸ್ತಿ ತಗೊಂಡರು. ಎಣ್ಣೆ ಹಾಕಿ ತುಕ್ಕು ಒರೆಸಿದರೆ ಕೊನೆಯ ಅಂಕಿ 9. ಆವತ್ತಿನಿಂದ ಟ್ಯಾಂಗ್ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ ಅಂತ ಕೇಳುತ್ತೇನೆ.

ಮಾರುವವರು ಬಿಚ್ಚಲು ಹೆದರುತ್ತಾರೆ. ಬೋಲ್ಟ್ ತೆಗೆಯಿರಿ, ಪಟ್ಟಿಗಳನ್ನು ಸಡಿಲಿಸಿ, ಹಿಂದೊಂದು ಮುಂದೊಂದು ತಿರುಪು ಬಿಚ್ಚಿ, ಎತ್ತಿ, ಇಷ್ಟೇ ಹೇಳುತ್ತೇನೆ. ಒಂದು ಎಚ್ಚರಿಕೆ ಮಾತ್ರ ಎರಡೆರಡು ಸಲ ಹೇಳುತ್ತೇನೆ. ಎತ್ತಿದಾಗ ರಿಸೀವರ್ ಕೆಳಗಿಂದ ಹಿತ್ತಾಳೆಯ ತೆಳು ಚೂರುಗಳು ಉದುರಬಹುದು, ಅವನ್ನು ಎಸೆಯಬೇಡಿ. ಲೋಹ ಮರದ ಮೇಲೆ ಅಲ್ಲಾಡದೆ ಕೂರಲಿ ಅಂತ ಫಿನ್ಲೆಂಡಿನ ಕೆಲಸಗಾರರು ಕೈಯಾರೆ ಇಟ್ಟ ಚೂರುಗಳು ಅವು. ಯಾವುದು ಎಲ್ಲಿತ್ತೋ ಅಲ್ಲೇ ಇಡಬೇಕು. ಒಂದು ಎಂ39ರಲ್ಲಿ ಮುಂದಿನ ಚೂರು ಕಳೆದುಹೋಗಿತ್ತು. ನೂರು ಗಜದಲ್ಲಿ ಅಂಗೈಯಷ್ಟು ಚದುರುತ್ತಿದ್ದ ಗುಂಡುಗಳು, ಹೊಸ ಚೂರು ಕತ್ತರಿಸಿ ಇಟ್ಟ ಮೇಲೆ ಅದರ ಅರ್ಧದೊಳಗೆ ಬಂದವು. ಅಂದಹಾಗೆ, ಬಿಚ್ಚದೆಯೇ ರಿಸೀವರ್ ಹಳೆಯದೋ ಹೊಸದೋ ಅಂತ ಅಂದಾಜು ಮಾಡುವ ಒಂದು ದಾರಿ ನನಗೆ ಗೊತ್ತು. ಅದನ್ನು ಇಲ್ಲಿ ಬರೆಯಲ್ಲ. ಬರೆದರೆ ನಾಳೆಯಿಂದ ಆ ಬೆಲೆಗೆ ನನಗೇ ಸಿಗಲ್ಲ.

ನಡುವೆ ಎರಡು ಪ್ರಯೋಗ ಮಾಡಿದೆ. ಎಣ್ಣೆ ಹಚ್ಚಿದ ಮೆತ್ತನೆ ಸೀಸದ ಗುಂಡನ್ನು ಬ್ಯಾರಲ್‌ಗಳಲ್ಲಿ ತಳ್ಳಿ ಅಳೆದೆ. ನನ್ನ ಎಂ28 ಸುಮಾರು 0.308 ಇಂಚು, ಎಂ39ಗಳು 0.310. ಡಿ ಅಕ್ಷರ ಇರುವ ಬ್ಯಾರಲ್‌ಗೆ ಫಿನ್ಲೆಂಡಿನ ಲಾಪುವಾ ಕಂಪನಿಯ ಡಿ166 ಗುಂಡು ಹೇಳಿ ಮಾಡಿಸಿದ್ದು. ಅದೇ ಗುಂಡನ್ನು ಅಳತೆ ನೋಡದೆ ಎಂ28ಕ್ಕೆ ತುರುಕಬೇಡಿ, ಒಳಗೆ ಒತ್ತಡ ಏರುತ್ತದೆ. ಇನ್ನೊಂದು, ಒಣಗಿದ ಸ್ಟಾಕ್‌ಗೆ ಪೈನ್ ಟಾರ್ ಮತ್ತು ಅಗಸೆ ಎಣ್ಣೆ. ಫಿನ್ನರೂ ಟಾರ್ ಹಚ್ಚುತ್ತಿದ್ದರು. ಮುರಿದ ಬರ್ಚ್ ತುಂಡಿನ ಮೇಲೆ ಮೊದಲು ಅರ್ಧಕ್ಕರ್ಧ ಹಚ್ಚಿದೆ, ವಾರಗಟ್ಟಲೆ ಅಂಟಂಟು. ಟಾರ್ ತುಂಬಾ ಕಡಿಮೆ ಮಾಡಿ, ಬಿಸಿ ಮಾಡಿ ಹಚ್ಚಿ, ಕೂಡಲೇ ಒರೆಸಿದೆ, ಜೇನುಬಣ್ಣ ಬಂತು. ಗ್ಯಾರೇಜ್ ತುಂಬಾ ಕೊಡಗಿನ ನಮ್ಮ ಮನೆಯ ಅಟ್ಟದಂಥ ಹೊಗೆ ವಾಸನೆ.

ಬೆಲೆ ಬಗ್ಗೆ ನೆನಪಿದ್ದಷ್ಟು ಹೇಳುತ್ತೇನೆ. ನಾನು ಶುರು ಮಾಡಿದಾಗ ಎಂ39 150ರ ಆಸುಪಾಸು ಇತ್ತು, ಈಗ 600 ಅಂದರೂ ಜಗಳವಿಲ್ಲ. ಎಂ28-30ಕ್ಕೆ ಅದಕ್ಕಿಂತ ಜಾಸ್ತಿ, ಮೇಲೆ 'ಇದು ಸಿಮೊ ಹ್ಯಾಯ್ಹಾ ಹಿಡಿದ ಮಾದರಿ' ಅಂತ ಇನ್ನೊಂದಿನ್ನೂರು ಸೇರಿಸುತ್ತಾರೆ. ಹ್ಯಾಯ್ಹಾ ಫಿನ್ಲೆಂಡ್ ಸೇನೆಯ ದೊಡ್ಡ ಗುರಿಕಾರ, ನಿಜ. ಆದರೆ ಆ ಮಾತಿಗೆ ನಾನು ಒಂದು ಡಾಲರೂ ಕೊಡಲ್ಲ. 1968ಕ್ಕೆ ಮುಂಚೆ ಇಲ್ಲಿಗೆ ಬಂದು, ಆಮದುದಾರರ ಗುರುತು ಬೀಳದೆ ಉಳಿದ ಬ್ಯಾರಲ್ ಸಿಕ್ಕರೆ ಜಾಸ್ತಿ ಕೊಡುತ್ತೇನೆ.

ನನ್ನ ಅತ್ಯುತ್ತಮ ಬೇಟೆ ಮಿಷಿಗನ್‌ನ ಉತ್ತರ ತುದಿಯಲ್ಲಿ ಸಿಕ್ಕಿತು. ಫಿನ್ಲೆಂಡಿನಿಂದ ವಲಸೆ ಬಂದವರ ಮನೆಗಳು ಅಲ್ಲಿ ಬಹಳ. ಒಂದು ಮನೆ ಸಾಮಾನಿನ ಮಾರಾಟದ ಫೋಟೊದಲ್ಲಿ ಮೂಲೆಗೆ ಒರಗಿಸಿದ ಉದ್ದನೆ ಮೊಸಿನ್. ಕಿವಿ ಇಲ್ಲ, ಮುದ್ರೆ ಕಾಣಲ್ಲ, ಆದರೆ ಬ್ಯಾರಲ್ ದಪ್ಪಗಿದ್ದು ಮೂತಿಯ ಹತ್ತಿರ ಒಂದು ಮೆಟ್ಟಿಲಿನಂತೆ ಸಣ್ಣಗಾಗಿತ್ತು. ದಪ್ಪ ಬ್ಯಾರಲ್‌ಗೆ ಹಳೆಯ ಬಯೋನೆಟ್ ಕೂರಲಿ ಅಂತ ಹಾಗೆ ಕಡೆದದ್ದು ಎಂ24ರಲ್ಲಿ. ಲೊಟ್ಟಾ ಸ್ವಾರ್ಡ್ ಮಹಿಳಾ ಸಂಘಟನೆಯ ಹೆಸರಲ್ಲಿ ಅದನ್ನು ಲೊಟ್ಟಾ ರೈಫಲ್ ಅಂತಲೂ ಕರೆಯುತ್ತಾರೆ. ಕ್ಲಬ್ಬಿನಲ್ಲಿ ತೋರಿಸಿದರೆ, ರಷ್ಯನ್ ಸವಕಲು, ಬಿಡು ಅಂದರು. 275ಕ್ಕೆ ತಂದು ಬಿಚ್ಚಿದೆ. ಬ್ಯಾರಲ್ ಮೇಲೆ ಸ್ವಿಟ್ಜರ್ಲೆಂಡಿನ ನೊಯ್‌ಹೌಸೆನ್‌ನ ಸಿಗ್ ಕಂಪನಿಯ ಹೆಸರು ಪೂರ್ತಿ ಇತ್ತು, ಟ್ಯಾಂಗ್ ಅಡಿಯಲ್ಲಿ ಸುತ್ತಿಗೆ ಮತ್ತು 1897. 'ಬಿಡು' ಅಂದವರೇ ಮುಂದಿನ ತಿಂಗಳು 700 ಕೊಡುತ್ತೇನೆ ಅಂದರು. ಕೊಡಲಿಲ್ಲ. ಈಗ ಹುಡುಕುತ್ತಿರುವುದು ಶಾಟೆಲ್ರೋ ರಿಸೀವರ್ ಮೇಲಿನ ಎಂ28-30. ನಿಮ್ಮ ಕಣ್ಣಿಗೆ ಬಿದ್ದರೆ ಬಿಚ್ಚುವ ಮುಂಚೆ ನನಗೊಂದು ಮಾತು ಹೇಳಿ.