ಹ್ಯಾನೆಮನ್ ಇಲ್ಲದ ಸ್ಲೇಯರ್ ಸ್ಲೇಯರೇನಾ? ಈ ಜಗಳ ಆಡೋದು ಹೇಗೆ

ಹೆವಿ ಮೆಟಲ್ ಸಂಗೀತ ಕೇಳುವವರು ನಾಲ್ಕು ಜನ ಸೇರಿದರೆ ಈ ಜಗಳ ಬಂದೇ ಬರುತ್ತದೆ. ಅಮೆರಿಕದ ಮೆಟಲ್ ಬ್ಯಾಂಡ್ ಸ್ಲೇಯರ್‌ನ ಗಿಟಾರಿಸ್ಟ್ ಜೆಫ್ ಹ್ಯಾನೆಮನ್ ತೀರಿಕೊಂಡ ಮೇಲೆ ಅದರಲ್ಲಿ ಉಳಿದಿದ್ದೇನು? ಒಬ್ಬ "ಬರೀ ಹೆಸರು" ಅಂತಾನೆ, ಇನ್ನೊಬ್ಬ "ಎರಡನೇ ಗಿಟಾರಿಸ್ಟ್ ಕೆರಿ ಕಿಂಗ್ ಇದ್ದಾನಲ್ಲ, ಸಾಕು" ಅಂತಾನೆ, ಆಮೇಲೆ ಅರ್ಧ ಗಂಟೆ ಕೂಗಾಟ. ನಾನೂ ಕೂಗಿದ್ದೇನೆ. ಜಗಳ ಬೇಡ ಅಂತಿಲ್ಲ, ಆಡಿ. ಕೈಯಲ್ಲಿ ಸ್ವಲ್ಪ ಸರಕು ಇಟ್ಟುಕೊಂಡು ಆಡಿ, ಅಷ್ಟೇ.

ಮೊದಲು ಜೇಡದ ಕಥೆ ಬಿಟ್ಟುಬಿಡಿ. "ಜೇಡ ಕಚ್ಚಿ ಸತ್ತ" ಅಂತ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. 2011ರಲ್ಲಿ ಅವನ ತೋಳಿಗೆ ಮಾಂಸವನ್ನೇ ಕೊಳೆಸುವ ಸೋಂಕು ತಗುಲಿದ್ದು ನಿಜ, ಜೇಡ ಕಚ್ಚಿರಬೇಕು ಅಂದುಕೊಂಡಿದ್ದೂ ನಿಜ. ಆದರೆ ಅವನು ತೀರಿಕೊಂಡಿದ್ದು 2013ರ ಮೇ 2ರಂದು, ಕುಡಿತದಿಂದ ಲಿವರ್ ಕೆಟ್ಟು. 49 ವರ್ಷ ವಯಸ್ಸು. ಜೇಡದ ಕಥೆ ಹೇಳೋಕೆ ಚೆನ್ನಾಗಿರುತ್ತದೆ ಅಂತ ಅದನ್ನೇ ಹಿಡಿದುಕೊಂಡರೆ ಮುಂದೆ ನೀವು ಹೇಳುವ ಸರಿ ಮಾತನ್ನೂ ಯಾರೂ ನಂಬಲ್ಲ.

ಎರಡನೆಯದು, ಇದೇ ಮುಖ್ಯ. ನುಡಿಸಿದವರು ಯಾರು ಅನ್ನೋದು ಬೇರೆ, ಬರೆದವರು ಯಾರು ಅನ್ನೋದು ಬೇರೆ. ಇವೆರಡನ್ನೂ ಕಲಸಿಬಿಡುವುದರಿಂದಲೇ ಮುಕ್ಕಾಲು ಜಗಳ ಹುಟ್ಟುತ್ತದೆ. ಆಲ್ಬಮ್ ಕವರ್ ತೆಗೆದು, ಹಾಡಿನ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ. 1986ರ ರೇನ್ ಇನ್ ಬ್ಲಡ್ ತಗೊಳ್ಳಿ. ಹತ್ತು ಹಾಡು, ಒಟ್ಟು 29 ನಿಮಿಷ, ಒಂದು ಕಾಫಿ ಮಾಡಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಮೊದಲ ಹಾಡು ಏಂಜಲ್ ಆಫ್ ಡೆತ್, ಸಂಗೀತ ಸಾಹಿತ್ಯ ಎರಡೂ ಹ್ಯಾನೆಮನ್‌ದು. ಕೊನೆಯದು ರೇನಿಂಗ್ ಬ್ಲಡ್, ಅದರ ಸಂಗೀತವೂ ಅವನದೇ. ಗುಡುಗು, ಡ್ರಮ್ ಮೇಲೆ ಮೂರು ಪೆಟ್ಟು, ಆಮೇಲೆ ಆ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು. ಗಿಟಾರ್ ಇದ್ದರೆ ಒಂದ್ಸಲ ನಿಧಾನಕ್ಕೆ ನುಡಿಸಿ ನೋಡಿ. ದಪ್ಪ ತಂತಿಯ ಮೇಲೆ ಪಟಪಟ ಏಟು, ನಡುನಡುವೆ ಒಂದಕ್ಕೊಂದು ಅಂಟಿಕೊಂಡಿರುವ, ಕಿವಿಗೆ ಸರಿ ಅನ್ನಿಸದ ಸ್ವರಗಳು. ಬೆರಳಿಗೆ ಅಂಥ ಕಷ್ಟವೇನಿಲ್ಲ. ಕಷ್ಟ ಇರೋದು ಅದನ್ನು ಯೋಚಿಸೋದರಲ್ಲಿ. ಎರಡು ವರ್ಷ ಬಿಟ್ಟು, ಎಲ್ಲರೂ ಇನ್ನೂ ಜಾಸ್ತಿ ವೇಗ ಬರುತ್ತದೆ ಅಂತ ಕಾಯುತ್ತಿದ್ದಾಗ, ಸೌತ್ ಆಫ್ ಹೆವನ್ ಹಾಡಿನಲ್ಲಿ ತೆವಳುವಷ್ಟು ನಿಧಾನ ಮಾಡಿದರಲ್ಲ, ಆ ಸಂಗೀತವೂ ಹ್ಯಾನೆಮನ್‌ದೇ.

ಹಾಗಂತ ಕಿಂಗ್‌ನನ್ನು ಸುಮ್ನೆ ತಳ್ಳಿಹಾಕಬೇಡಿ. ರೇನ್ ಇನ್ ಬ್ಲಡ್‌ನ ಪೀಸ್ ಬೈ ಪೀಸ್ ಪೂರ್ತಿ ಅವನದು. 1981ರಲ್ಲಿ ಬ್ಯಾಂಡ್ ಕಟ್ಟಿದ್ದೂ ಇವರಿಬ್ಬರು ಸೇರಿಯೇ. ಹ್ಯಾನೆಮನ್‌ಗೆ ಹಾರ್ಡ್‌ಕೋರ್ ಪಂಕ್ ಅನ್ನೋ ಒರಟು, ವೇಗದ ರಾಕ್‌ನ ಹುಚ್ಚು, ಕಿಂಗ್‌ಗೆ ಅಪ್ಪಟ ಮೆಟಲ್, ಎರಡೂ ಗುದ್ದಾಡಿಕೊಂಡಾಗ ಬಂದಿದ್ದು ಸ್ಲೇಯರ್ ಅನ್ನೋದು ನನ್ನ ಲೆಕ್ಕ.

ಮೂರನೆಯದು ಸ್ಟೇಜ್ ಮಾತು. ನಮ್ಮ ಬೆಂಗಳೂರಿನವರಿಗೆ ಇದರಲ್ಲಿ ಒಂದು ಒಳ್ಳೆ ಉದಾಹರಣೆ ಇದೆ. 2012ರ ಅಕ್ಟೋಬರ್‌ನಲ್ಲಿ ಸ್ಲೇಯರ್ ಇಲ್ಲಿಗೆ ಬಂದಾಗ ಹ್ಯಾನೆಮನ್ ಇನ್ನೂ ಬದುಕಿದ್ದ, ಆದರೆ ಬರಲಿಲ್ಲ. ಅವನ ಜಾಗದಲ್ಲಿ ಎಕ್ಸೋಡಸ್ ಬ್ಯಾಂಡಿನ ಗಿಟಾರಿಸ್ಟ್ ಗ್ಯಾರಿ ಹೋಲ್ಟ್ ನಿಂತಿದ್ದ. ಹ್ಯಾನೆಮನ್ ಕೊನೇ ಸಲ ಸ್ಟೇಜ್ ಹತ್ತಿದ್ದು ಅದಕ್ಕೂ ಮುಂಚೆ, 2011ರ ಏಪ್ರಿಲ್‌ನಲ್ಲಿ, ಕ್ಯಾಲಿಫೋರ್ನಿಯಾದ ಇಂಡಿಯೋದಲ್ಲಿ, ಅದೂ ಕೊನೆಯ ಎರಡು ಹಾಡಿಗೆ ಮಾತ್ರ. ಹಾಗಾದರೆ ಬೆಂಗಳೂರಿನಲ್ಲಿ ಕತ್ತು ನೋಯುವವರೆಗೆ ತಲೆ ಆಡಿಸಿದವರು ನೋಡಿದ್ದು ಸ್ಲೇಯರ್ ಅಲ್ವಾ? "ಹೋಲ್ಟ್ ಬರೀ ಬಾಡಿಗೆ ಕೈ" ಅನ್ನುವವರಿಗೆ ಈ ಪ್ರಶ್ನೆ ಕೇಳಿ ಸುಮ್ಮನಾಗಿ. ಹೋಲ್ಟ್ ಏನು ಸಾಮಾನ್ಯನಾ ಮಾರಾಯ್ರೆ, ಸ್ಲೇಯರ್ ನುಡಿಸುವ ಈ ಥ್ರ್ಯಾಶ್ ಅನ್ನೋ ವೇಗದ ಮೆಟಲ್ ಹುಟ್ಟಿದಾಗಿನಿಂದ ಇರುವವನು.

ಏಂಜಲ್ ಆಫ್ ಡೆತ್ ವಿಷಯ ಬಂದಾಗ ನುಣುಚಿಕೊಳ್ಳಬೇಡಿ. ಹಾಡು ನಾಜಿ ವೈದ್ಯ ಮೆಂಗೆಲೆ ಬಗ್ಗೆ. ಇದರಿಂದಾಗಿಯೇ ಕೊಲಂಬಿಯಾ ಕಂಪನಿ ಆಲ್ಬಮ್ ಹಂಚೋಕೆ ಒಪ್ಪಲಿಲ್ಲ, ಗೆಫೆನ್ ಹಂಚಿತು. ಹ್ಯಾನೆಮನ್ ಜರ್ಮನ್ ಸೇನೆಯ ಮೆಡಲ್‌ಗಳನ್ನು ಕೂಡಿಡುತ್ತಿದ್ದ, ಅದೂ ನಿಜ. ಅವನಪ್ಪ ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಿರುದ್ಧ ಹೋರಾಡಿದವರು, ಅದೂ ನಿಜ. ಮೂರನ್ನೂ ಒಟ್ಟಿಗೆ ಮೇಜಿನ ಮೇಲೆ ಇಡಿ. ನನಗೆ ಅದು ಹೊಗಳಿಕೆಯ ಹಾಡು ಅನ್ನಿಸಲ್ಲ, ಆದರೆ ಕೇಳಿ ಮೈ ಉರಿದವರನ್ನು "ನಿನಗೆ ಮೆಟಲ್ ಅರ್ಥ ಆಗಲ್ಲ" ಅಂತ ಬಾಯಿ ಮುಚ್ಚಿಸೋದು ದಡ್ಡತನ.

ಕೊನೆಗೆ 2015ರ ರಿಪೆಂಟ್‌ಲೆಸ್. ಹ್ಯಾನೆಮನ್ ಇಲ್ಲದೆ ಬಂದ ಒಂದೇ ಆಲ್ಬಮ್, ಹೆಚ್ಚಿನ ಹಾಡು ಕಿಂಗ್ ಬರೆದಿದ್ದು. ಆದರೆ ಅದರಲ್ಲಿ ಪಿಯಾನೋ ವೈರ್ ಅಂತ ಒಂದಿದೆ, 2009ರ ಆಲ್ಬಮ್ ಹೊತ್ತಿಗೆ ಹ್ಯಾನೆಮನ್ ಬರೆದು ಮಿಕ್ಕಿದ್ದು. "ಹ್ಯಾನೆಮನ್ ಇಲ್ಲದ ಸ್ಲೇಯರ್ ನಾನು ಕೇಳಲ್ಲ" ಅನ್ನುವವರು ಸಿಕ್ಕರೆ ಹೀಗೆ ಮಾಡಿ. ಹೆಸರು ಕಾಣದ ಹಾಗೆ ಫೋನ್ ಬೋರಲು ಹಾಕಿ ಮೂರು ನಾಲ್ಕು ಹಾಡು ಹಚ್ಚಿ, ಹ್ಯಾನೆಮನ್‌ದು ಯಾವುದು ಹೇಳು ಅನ್ನಿ.

ನಾನು ಇದನ್ನು ಒಬ್ಬ ಗೆಳೆಯನ ಮೇಲೆ ಮಾಡಿದೆ. ಕಣ್ಣು ಮುಚ್ಚಿ, ತಲೆ ಆಡಿಸಿ, ದೊಡ್ಡ ಪಂಡಿತನ ಥರ "ಇದೇ, ಇದು ಜೆಫ್ ಬಿಟ್ಟು ಬೇರೆ ಯಾರಿಗೂ ಬರಲ್ಲ" ಅಂದ. ಅವನು ಆರಿಸಿದ್ದು ರಿಪೆಂಟ್‌ಲೆಸ್ ಅನ್ನೋ ಹಾಡನ್ನೇ. ಅದು ಕಿಂಗ್ ಬರೆದಿದ್ದು, ಹ್ಯಾನೆಮನ್‌ನ ನೆನಪಿಗೆ. ಹೇಳಿದರೆ ಅವನು ಐದು ನಿಮಿಷ ಮಾತಾಡಲಿಲ್ಲ, ಆಮೇಲೆ "ಇನ್ನೊಂದ್ಸಲ ಹಾಕು" ಅಂದ.