ಮೂರು ರೈಫಲ್‌ಗೆ ಒಂದೇ ಮದ್ದು

ಅಮೆರಿಕದ ಅರಿಜೋನಾದಲ್ಲಿ ನನ್ನ ಬಳಿ .223, .308 ಮತ್ತು .30-06 ಎಂಬ ಮೂರು ಬಗೆಯ ಕಾಡತೂಸಿನ ರೈಫಲ್‌ಗಳಿವೆ. ಕಾಡತೂಸನ್ನು ಮನೆಯಲ್ಲೇ ತುಂಬುತ್ತೇನೆ. ಮೂರಕ್ಕೂ ಬೇರೆ ಬೇರೆ ಮದ್ದು, ಅಂದರೆ ಗುಂಡನ್ನು ಹಾರಿಸುವ ಸಿಡಿಮದ್ದು, ಬಳಸುತ್ತಿದ್ದೆ. ಅಂಗಡಿಯಲ್ಲಿ ಯಾವಾಗಲೂ ಒಂದಲ್ಲ ಒಂದು ಖಾಲಿ. ಸಾಲದ್ದಕ್ಕೆ ಬೇಸಿಗೆ ಬಿಸಿಲಿಗೆ ಮದ್ದು ಬಿಸಿಯಾಗಿ ಗುಂಡಿನ ವೇಗ ಏರುತ್ತಿತ್ತು.

ಪರಿಹಾರ ಸಿಕ್ಕಿದ್ದು ಲೋಡಿಂಗ್ ಕೈಪಿಡಿಯಲ್ಲೇ, ಅಂದರೆ ಯಾವ ಕಾಡತೂಸಿಗೆ ಯಾವ ಮದ್ದು ಎಷ್ಟು ಅಂತ ಹೇಳುವ ಪುಸ್ತಕದಲ್ಲಿ. ಮೂರೂ ಕಾಡತೂಸಿನ ಪಟ್ಟಿಯಲ್ಲಿ ಬರುವ ಮದ್ದು ಯಾವುದು ಅಂತ ಗುರುತು ಹಾಕುತ್ತಾ ಹೋದೆ. ಸಣ್ಣ ಕೇಸ್‌ಗೆ (ಮದ್ದು ತುಂಬುವ ಕಾಡತೂಸಿನ ಕೋಶ) ಬೇಗ ಉರಿಯುವ ಮದ್ದು ಬೇಕು, ದೊಡ್ಡದಕ್ಕೆ ನಿಧಾನದ್ದು. ನಡುವೆ ಉಳಿದವು ಐಎಂಆರ್ 4064, ವಾರ್ಗೆಟ್, ಎಚ್4895 ಎಂಬ ಮೂರು ಮದ್ದುಗಳು.

ನಾನು ಎಚ್4895 ಆರಿಸಿಕೊಂಡೆ. ಬಿಸಿಲು ಚಳಿಗೆ ಅದು ಜಾಸ್ತಿ ಬದಲಾಗುವುದಿಲ್ಲ. ಮದ್ದಿನ ಕಾಳು ಗಿಡ್ಡ, ಹಾಗಾಗಿ 4064ಕ್ಕಿಂತ ಸಲೀಸಾಗಿ ಅಳತೆಗೆ ಬೀಳುತ್ತದೆ. 4895ರ ಮೂಲವೂ ಚೆನ್ನಾಗಿದೆ: ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸೇನೆಯ .30-06 ಕಾಡತೂಸಿಗೆ ಬಳಸಿದ ಮದ್ದು. ಯುದ್ಧದ ನಂತರ ಉಳಿದದ್ದನ್ನು ಮದ್ದಿನ ವ್ಯಾಪಾರಿ ಬ್ರೂಸ್ ಹಾಜ್ಡನ್ ಕೊಂಡು ಮಾರಿದರು. ಈಗಿನ ಎಚ್4895 ತಯಾರಾಗುವುದು ಆಸ್ಟ್ರೇಲಿಯಾದಲ್ಲಿ.

.30-06ರಲ್ಲಿ 180 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿಗೆ 4350 ಥರದ ನಿಧಾನದ ಮದ್ದೇ ಹೆಚ್ಚು ವೇಗ ಕೊಡುತ್ತದೆ. ನಾನು ಬಳಸುವುದು 150 ಗ್ರೇನ್, ನನಗೆ ಇದು ಸಾಕು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಎಚ್4895, ಐಎಂಆರ್ 4895 ಎರಡೂ ಒಂದೇ ಅಲ್ಲ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಬೇಡಿ. ಕೈಪಿಡಿಯ ಕನಿಷ್ಠ ಅಳತೆಯಿಂದಲೇ ಶುರು ಮಾಡಿ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬ ಇರಲಿ.