ಹಗಲು ನಿದ್ದೆ ಅರ್ಧ-ಮುಕ್ಕಾಲು ಗಂಟೆಗೇ ಮುರಿಯುತ್ತಿದ್ದರೆ

ನಾಲ್ಕೈದು ತಿಂಗಳ ಕೂಸಿನ ನಿದ್ದೆಯ ಒಂದು ಸುತ್ತು ಸುಮಾರು 40–50 ನಿಮಿಷ. ಸುತ್ತು ಮುಗಿಯುವಾಗ ಅರೆ ಎಚ್ಚರವಾಗುತ್ತದೆ. ಆಗ ತೂಗುತ್ತಿದ್ದ ತೊಟ್ಟಿಲು ನಿಂತಿದ್ದರೆ, ಕುಕ್ಕರ್ ಕೂಗಿದರೆ ಪೂರ್ತಿ ಏಳುತ್ತದೆ. ಅದಕ್ಕೇ ತೂಗಿ ಪೂರ್ತಿ ಮಲಗಿಸಬೇಡಿ. ಕಣ್ಣು ಎಳೆಯುತ್ತಿರುವಾಗಲೇ ಗಟ್ಟಿಯಾದ, ಸಮತಟ್ಟು ಹಾಸಿಗೆ ಮೇಲೆ ಅಂಗಾತ ಇಳಿಸಿ. ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ತಲೆ. ದಿಂಬು, ಸಡಿಲ ಹೊದಿಕೆ ಬೇಡವೇ ಬೇಡ.

ಎದ್ದ ಮೇಲೆ ಒಂದೂವರೆಯಿಂದ ಎರಡು ಗಂಟೆಯೊಳಗೆ ಮತ್ತೆ ಮಲಗಿಸಿ. ರಚ್ಚೆ ಹಿಡಿಯುವವರೆಗೆ ಕಾದರೆ ತಡವಾದಂತೆ. ಅತಿಯಾಗಿ ದಣಿದ ಮಗು ಬೇಗ ಎದ್ದುಬಿಡುತ್ತದೆ. ಕಿಟಕಿಗೆ ದಪ್ಪ ಪರದೆ ಇರಲಿ. ಕೊಸರಾಡಿದ ಕೂಡಲೇ ಎತ್ತಿಕೊಳ್ಳದೆ, ಎರಡು ನಿಮಿಷ ಎದೆ ಮೇಲೆ ಮೆಲ್ಲಗೆ ಕೈಯಿಟ್ಟು ನೋಡಿ. 'ಹೊಟ್ಟೆ ತುಂಬಿಲ್ಲ' ಅನ್ನೋ ಅಜ್ಜಿಯರ ಮಾತು ಪ್ರತಿ ಸಲ ನಿಜವಲ್ಲ, ಈ ವಯಸ್ಸಿಗೆ ಚುಟುಕು ನಿದ್ದೆಯೂ ಸಹಜವೇ.